ತಪ್ಪಿಗೆ ಮೊದಲ ಹೆಸರು

ಲ್ಯಾಬಿನ ಹೊಗೆ ಹೀರುವ ಫ್ಯಾನು ಕೆಟ್ಟು ಎರಡನೇ ಮಳೆಗಾಲ ಬಂದಿತ್ತು. ಚಿಕ್ಕೋಡಿಯ ಆ ಖಾಸಗಿ ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಮಯೂರಿ ಮೂಗಿಗೆ ಓಢಣಿ ಕಟ್ಟಿಕೊಂಡು ನಿಂತಿರುತ್ತಿದ್ದಳು. ಗಾಜಿನ ಕೊಳವೆಯಿಂದ ದ್ರಾವಕ ತೊಟ್ಟು ತೊಟ್ಟಾಗಿ ಇಳಿದು, ಕೊನೆಗೆ ಚಿಟಿಕೆಯಷ್ಟು ಹಳದಿ ಪುಡಿ ಉಳಿಯುತ್ತಿತ್ತು. ಕರೆಂಟು ಹರಿಸಿದರೆ ಬೆಳಕು ಕೊಡುವ ಪುಡಿ. ಸಂಜೆ ತನ್ನೂರು ಶಿರಗುಪ್ಪಿಗೆ ಹೋಗಲು ಬಸ್ಸು ಹತ್ತುವ ಹೊತ್ತಿಗೆ ತಲೆ ಸಿಡಿಯುತ್ತಿತ್ತು.

ತಾಯಿ ತುಳಸವ್ವ ಕಂಡವರ ಹೊಲದಲ್ಲಿ ಕಬ್ಬು ಕಡಿಯುವವಳು. ಮಗಳ ಕೈ ನೋಡಿ ಕೇಳಿದಳು:

"ಅರಿಷಿಣ ಹಚ್ಕೊಂಡಿ ಏನ ಬೇ?"

"ಇಲ್ಲ ಆಯಿ, ಬೆಳಕ ಕೊಡೂ ಪುಡಿ."

"ನಮ್ಮ ಗಲ್ಲಿ ಕಂಬಕ್ಕ ಹಚ್ಚಾಕ ಬರತೈತೇನ?"

ಮಯೂರಿಯ ಮಾರ್ಗದರ್ಶಕರು ಪ್ರೊಫೆಸರ್ ರಾಜಾರಾಮ. ಅವರು ಲ್ಯಾಬಿಗೆ ಬರುತ್ತಿದ್ದುದು ಫೋಟೋ ತೆಗೆಸಿಕೊಳ್ಳಲು. ತಮ್ಮ ಪ್ರಬಂಧಗಳನ್ನು ಬೇರೆ ವಿಜ್ಞಾನಿಗಳು ಎಷ್ಟು ಸಲ ಹೆಸರಿಸಿದ್ದಾರೆ ಎಂದು ಉಳಿದ ಹೊತ್ತೆಲ್ಲ ಕಂಪ್ಯೂಟರಿನಲ್ಲಿ ನೋಡುತ್ತ ಕೂಡುವರು. ಅದಕ್ಕೆ ಸೈಟೇಶನ್ ಎನ್ನುತ್ತಾರೆ. ಅದು ಏರಿದ ದಿನ ಎಲ್ಲರಿಗೂ ಚಹಾ, ಏರದ ದಿನ ಎಲ್ಲರಿಗೂ ಬೈಗುಳ.

ಹಳದಿ ಪುಡಿಯ ಪ್ರಬಂಧ ಅಚ್ಚಾಯಿತು. ಮೊದಲ ಹೆಸರು ರಾಜಾರಾಮ. ಎರಡನೆಯದು ಶುಭಮ, ಸಂಸ್ಥೆಯ ಚೇರಮನ್ನರ ಮಗ. ಮೂರನೆಯ ಹೆಸರೇ ಇರಲಿಲ್ಲ.

"ಸರ್, ಶುಭಮ ಅವರು ಒಮ್ಮೆನೂ ಲ್ಯಾಬಿಗೆ ಬಂದಿಲ್ಲಲ್ರಿ?"

"ಲ್ಯಾಬ್ ಕಟ್ಟಿಸಿದಾಂವ ಅವರಪ್ಪ. ಅದಕ್ಕಿಂತ ದೊಡ್ಡ ಪ್ರಯೋಗ ಯಾವದೈತಿ? ಹೆಸರಿನ ಆಸೆ ಇದ್ದವರಿಗೆ ವಿಜ್ಞಾನ ಒಲಿಯಂಗಿಲ್ಲ, ಮಯೂರಿ."

"ಬೆಳಕಿನ ಅಳತಿ ನೂರಕ್ಕ ಹನ್ನೆರಡ ಬಂದಿತ್ರಿ. ಇದರಾಗ ಇಪ್ಪತ್ತೊಂದು ಐತಿ."

"ಒಂದು, ಎರಡು, ಅವ ಎರಡ ಅಂಕಿ ಅದಾವಲ್ಲ? ಹೊರಗಿಂದೇನರ ತಂದ ಹಾಕೀನೇನ?" ಎಂದರು ರಾಜಾರಾಮ. "ನಿನ್ನ ಪಿಎಚ್.ಡಿ.ಗೆ ಸಹಿ ಮಾಡಾಂವ ನಾನ, ನೆನಪಿರಲಿ."

ಮಯೂರಿ ಲ್ಯಾಬಿಗೆ ವಾಪಸು ಹೋದಳು. ಇಪ್ಪತ್ತೊಂದಕ್ಕೆ ಜಗತ್ತೇ ಬೆರಗಾಯಿತು. ಅಥಣಿಯಲ್ಲಿ ಸತ್ಕಾರವಾಯಿತು, ರಾಜಾರಾಮರಿಗೆ ಶಾಲು, ಶುಭಮನ ತಲೆಗೆ ಫೇಟಾ. ಕುರ್ಚಿ ಹಾಕಿದವರು ಮಯೂರಿ ಮತ್ತು ಅವಳ ಜೊತೆಯ ಸಂಶೋಧಕರು.

ವರ್ಷ ಕಳೆಯುವುದರೊಳಗೆ ಹೊರದೇಶದ ಲ್ಯಾಬುಗಳು ಅದೇ ಪುಡಿ ಮಾಡಿ ನೋಡಿದವು. ಎಲ್ಲೆಡೆಯೂ ಹನ್ನೆರಡೇ ಬಂತು. ಕಾಲೇಜು ವಿಚಾರಣೆಗೆ ಸಮಿತಿ ನೇಮಿಸಿತು. ರಾಜಾರಾಮರು ಮಯೂರಿಗೆ ಮೊದಲ ಸಲ ಕುರ್ಚಿ ಕೊಟ್ಟರು.

"ಬಾ ಮಗಳ, ಕೂಡು. ನಿನಗ ಭಾಳ ಅನ್ಯಾಯ ಆಗೈತಿ. ಸಮಿತಿ ಮುಂದ 'ಅಳತಿ ನಾನ ಮಾಡೀನಿ, ತಪ್ಪ ನಂದ' ಅಂತ ಹೇಳಿಬಿಡು. ನಿನ್ನ ಹೆಸರ ಎಲ್ಲಾರಕಿಂತ ಮೊದಲ ಹಾಕಸ್ತೀನಿ."

ಮನೆಗೆ ಬಂದು ಹೇಳಿದಾಗ ತುಳಸವ್ವ ಕಬ್ಬು ಕಡಿಯುವ ಕೊಯ್ತಾ ಮಸೆಯುತ್ತಿದ್ದವಳು ನಿಲ್ಲಿಸಿದಳು.

"ಸಕ್ರಿ ಚೀಲದ ಮ್ಯಾಲ ನಮ್ಮ ಹೆಸರ ಎಂದೂ ಬಂದಿಲ್ಲ. ಆದ್ರ ಕಾರ್ಖಾನಿ ಕಾಟಾ ತಪ್ಪ ತೂಗಿದ್ರ ಕಡದಾಕೀದ ತಪ್ಪ ಅಂತ ಯಾರರ ಅನ್ಲಿ, ನೋಡೂಣು."

ವಿಚಾರಣೆಯ ದಿನ ಮಯೂರಿ ಎದ್ದು ನಿಂತಳು.

"ಅಳದಾಕಿ ನಾನ್ರಿ. ಹನ್ನೆರಡ ಬಂದಿತ್ತು. ಇಪ್ಪತ್ತೊಂದು ಹೆಂಗಾತು ಅಂತ ಪ್ರಬಂಧದಾಗ ಹೆಸರ ಇದ್ದವರನ್ನ ಕೇಳ್ರಿ."

ಸಮಿತಿಯವರು ಶುಭಮನತ್ತ ತಿರುಗಿದರು.

"ಯಾವ ಪುಡಿರಿ?" ಎಂದ ಶುಭಮ.

ಬಾಗಿಲಲ್ಲಿ ನಿಂತಿದ್ದ ಸಹಸಂಶೋಧಕ ಸುರಜ ಕರೆಯದೆ ಒಳಗೆ ಬಂದ. "ನಮ್ಮ ಹೆಸರೂ ಹಿಂಗ ಹೋಗ್ಯಾವ್ರಿ." ಅವನ ಹಿಂದೆ ಸುಜಾತಾ, ಅವಳ ಹಿಂದೆ ಉಳಿದವರು.

ಪ್ರಬಂಧ ರದ್ದಾಯಿತು. 'ಇದನ್ನು ನಂಬಬೇಡಿ' ಎಂದು ಊರೂರಿನ ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಬರೆದರು. ಹಾಗೆ ಬರೆದದ್ದೂ ಸೈಟೇಶನ್ನೇ. ಹೊಗಳಿಕೆ, ಬೈಗುಳ ಎಂಬ ಭೇದ ಕಂಪ್ಯೂಟರಿಗಿಲ್ಲ, ಸಂಖ್ಯೆ ದುಪ್ಪಟ್ಟಾಯಿತು. ಆ ಸಂಖ್ಯೆ ತೋರಿಸಿ ಆಡಳಿತ ಮಂಡಳಿ ರಾಜಾರಾಮರನ್ನು ಸಂಶೋಧನಾ ನಿರ್ದೇಶಕರನ್ನಾಗಿ ಮಾಡಿತು. ಮಯೂರಿಯ ಲ್ಯಾಬ್ ಪ್ರವೇಶವನ್ನು 'ಶಿಸ್ತಿನ ಕಾರಣಕ್ಕೆ' ನಿಲ್ಲಿಸಿತು.

ನಿರ್ದೇಶಕರ ಸತ್ಕಾರದ ದಿನ ಕುರ್ಚಿ ಹಾಕಲು ಯಾರೂ ಬರಲಿಲ್ಲ. ಮಯೂರಿ, ಸುಜಾತಾ ಕಾಲೇಜಿನ ಗೇಟಿಗೆ ಅಡ್ಡಲಾಗಿ ಕೂತಿದ್ದರು. ಕೂಲಿ ಬಿಟ್ಟು ಬಂದ ತುಳಸವ್ವನೂ ಪಕ್ಕದಲ್ಲಿ ಕೂತಳು.

"ತಪ್ಪ ಮಾಡಿದ್ದಕ್ಕೂ ಶಾಲ ಹೊಚ್ಚತಾರೇನ ಬೇ?"

"ಚಲೋತ್ನಂಗ ತಪ್ಪ ಮಾಡಿದ್ರ ಹೊಚ್ಚತಾರ, ಆಯಿ."

ರಾಜಾರಾಮರ ಕಾರು ಬಂದು ನಿಂತಿತು. ಗಾಜು ಇಳಿಯಿತು.

"ಏಳ್ರಿ, ನಾಳಿ ಮಾತಾಡೂಣು."

"ಏಳಂಗಿಲ್ರಿ ಸರ್," ಎಂದಳು ಮಯೂರಿ.

ಡ್ರೈವರ್ ಕಾರನ್ನು ಹಿಂದಿನ ಗೇಟಿಗೆ ತಿರುಗಿಸಿದ. ಅಲ್ಲಿ ಸುರಜ ಮತ್ತು ಉಳಿದವರು ಕೂತಿದ್ದರು.