ಹೆಸರಲ್ಲಷ್ಟೇ ಇಲಿ

"ಎತ್ತಿ, ಇನ್ನೂ ಸ್ವಲ್ಪ ಎತ್ತಿ... ನಿಲ್ಸಿ, ನಿಲ್ಸಿ! ಗೋಡೆಗೆ ತಾಗ್ತು!"

ಅಮ್ಮನ ಶವದ ಪೆಟ್ಟಿಗೆ ಮಲಗುವ ಕೋಣೆಯ ಬಾಗಿಲಲ್ಲಿ ಸಿಕ್ಕಿಕೊಂಡಿತು. ತಲೆಯ ಕಡೆ ಮಗ, ಕಾಲಿನ ಕಡೆ ಚಿಕ್ಕಪ್ಪ, ನಡುವೆ ಅಮ್ಮ ಕೆಲಸ ಮಾಡುತ್ತಿದ್ದ ಸಂಗ್ರಹಾಲಯದಿಂದ ಬಂದ ಇಬ್ಬರು. ಖಾಲಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿಕೊಂಡು ಒಳಗೆ ತಂದಿದ್ದರು. ತುಂಬಿದ್ದನ್ನು ಹಾಗೆ ನಿಲ್ಲಿಸೋಕಾಗುತ್ತಾ? ಬಾಗಿಲಾಚೆ ಮರದ ಕಪಾಟು ಅರ್ಧ ದಾರಿ ನುಂಗಿಕೊಂಡು ನಿಂತಿತ್ತು.

"ಆ ಕಪಾಟು ಆಚೆ ತಳ್ಳೋ," ಎಂದ ಚಿಕ್ಕಪ್ಪ.

"ಕಪಾಟು ಮುಟ್ಟಬೇಡಿ."

"ಯಾಕೆ, ಹಿಂದೆ ಚಿನ್ನ ಹೂತಿದ್ದೀಯಾ?"

"ಸುಂಡಿಲಿ ಮರಿ ಹಾಕಿದೆ."

ಪೆಟ್ಟಿಗೆ ಹಿಡಿದವರೆಲ್ಲ ಒಟ್ಟಿಗೆ ಮಗನತ್ತ ನೋಡಿದರು.

"ಥೂ, ಇಲೀನಾ? ಸಾವಿನ ಮನೇಲಿ ಇಲಿ ಬಾಣಂತನ ಮಾಡ್ಕೊಂಡು ಕೂತಿದೆಯಾ?"

ಮಗನಿಗೆ ತಲೆ ಕೆಟ್ಟುಹೋಯಿತು. ಬೆಳಗಿನಿಂದ ಇದೇ ಆಗಿದೆ. ಸಂಗ್ರಹಾಲಯದ ಮುಖ್ಯಸ್ಥ ತಂದ ಹಾರದ ಪಟ್ಟಿಯ ಮೇಲೆ ಬಂಗಾರದ ಅಕ್ಷರ: 'ಇಲಿಗಳ ಗೆಳತಿಗೆ ಅಂತಿಮ ನಮನ.' ಅದೇ ಸಂಗ್ರಹಾಲಯದಲ್ಲಿ ಬದುಕೆಲ್ಲ ಕೂತು, ಉಗುರಿನಷ್ಟು ತಲೆಬುರುಡೆಗಳನ್ನು ಭೂತಗನ್ನಡಿಯ ಕೆಳಗೆ ಹಿಡಿದು, ಹಲ್ಲಿನ ತುದಿ ಕೆಂಪಾದ ಸುಂಡಿಲಿಗಳು ಒಂದು ಖಾನೆಗೆ, ಪೂರ್ತಿ ಬಿಳಿ ಹಲ್ಲಿನವು ಇನ್ನೊಂದಕ್ಕೆ ಅಂತ ಬೇರ್ಪಡಿಸಿದವಳು ಅಮ್ಮ. ಸುಂಡಿಲಿ ಇಲಿಯಲ್ಲ ಅಂತ ಸಿಕ್ಕಸಿಕ್ಕವರ ಹತ್ತಿರ ಗಂಟಲು ಹರಿದುಕೊಂಡವಳು. "ಇದೇನ್ ಸಾರ್ ಬರೆಸಿದ್ದೀರಿ?" ಅಂತ ಕೇಳಿದರೆ, "ಜನಕ್ಕೆ ಅರ್ಥ ಆಗ್ಬೇಕಲ್ಲಪ್ಪ" ಅಂದ ಆ ಮನುಷ್ಯ. ಎಲ್ಲ ಗೊತ್ತಿದ್ದೂ!

* * *

ಅವನ ಶಾಲೆಯ ದಿನಗಳಲ್ಲೊಮ್ಮೆ ಮೇಷ್ಟ್ರು ಬೋರ್ಡಿನ ಮೇಲೆ ಇಲಿ, ಹೆಗ್ಗಣ, ಸುಂಡಿಲಿ ಅಂತ ಒಂದೇ ಗೆರೆಯಲ್ಲಿ ಬರೆದಿದ್ದರು. ಹುಡುಗ ಎದ್ದು ನಿಂತು, "ಸುಂಡಿಲಿ ಇಲಿ ಅಲ್ಲ ಸಾರ್" ಅಂದ. ಕೆನ್ನೆಗೆ ಒಂದು ಬಿತ್ತು. ಮರುದಿನ ಅಮ್ಮ ಸೀದಾ ತರಗತಿಗೇ ನುಗ್ಗಿದಳು.

"ಹೆಸರಲ್ಲಿ ಇಲಿ ಇದ್ದರೆ ಇಲಿ ಆಗ್ಬಿಡುತ್ತಾ ಮೇಷ್ಟ್ರೇ? ಕಲ್ಲಂಗಡಿ ಕೊಯ್ದರೆ ಒಳಗೆ ಅಂಗಡಿ ಇರುತ್ತಾ?"

ಮಕ್ಕಳು ಕಿಸಕ್ಕೆಂದರು.

"ನೋಡೋಕೆ ಇಲಿ ಥರಾನೇ ಇದೆಯಲ್ಲಮ್ಮ."

"ಇಲಿಗೆ ಮುಂದೆ ಉಳಿ ಥರ ಹಲ್ಲು, ಕೊರೆಯೋಕೆ. ಇದಕ್ಕೆ ಸೂಜಿಮೊನೆ ಹಲ್ಲು, ಹುಳ ಜಿರಳೆ ತಿನ್ನೋಕೆ. ಇದರ ಸಂಬಂಧ ಏನಿದ್ದರೂ ಬಾವಲಿ, ಬೆಕ್ಕಿನ ಕಡೆಗೆ. ಇಲಿಗೆ ಸುಂಡಿಲಿಗಿಂತ ನೀವೇ ಹತ್ತಿರದ ನೆಂಟರು!"

ತರಗತಿ ಬಿದ್ದು ಬಿದ್ದು ನಕ್ಕಿತು. ಅಮ್ಮ ಗೆದ್ದು ಮನೆಗೆ ಹೋದಳು. ಹುಡುಗ ಅಲ್ಲೇ ಉಳಿಯಬೇಕಿತ್ತಲ್ಲ? ಆ ನೆಂಟಸ್ತಿಕೆಯ ಸೇಡನ್ನು ಮೇಷ್ಟ್ರು ದಿನಾ ಅವನ ಬೆನ್ನ ಮೇಲೆ ತೀರಿಸಿಕೊಂಡರು. ಹುಡುಗರು ಅವನಿಗೇ 'ಸುಂಡಿಲಿ' ಅಂತ ಹೆಸರಿಟ್ಟರು. ವರ್ಷ ತುಂಬುವ ಮೊದಲೇ ಪುಸ್ತಕ ಬಿಸಾಕಿ ಗ್ಯಾರೇಜು ಸೇರಿದ.

ಆಮೇಲೆ ಅಮ್ಮನ ಹೊಟ್ಟೆ ಉರಿಸಬೇಕೆನಿಸಿದಾಗಲೆಲ್ಲ 'ಇಲಿ' ಅಂದರೆ ಸಾಕಿತ್ತು. ಹೋದ ವಾರವೂ ಅಷ್ಟೇ. "ಕಪಾಟಿನ ಹಿಂದೆ ಮರಿ ಹಾಕಿದೆ, ಸರಿಸಬೇಡ್ವೋ" ಅಂತ ಅಮ್ಮ ಮಲಗಿದಲ್ಲಿಂದಲೇ ಹೇಳಿದಾಗ, "ಇಲಿ ಸಾಕೋ ಮನೆ ಇದು" ಅಂದಿದ್ದ.

"ಇಲಿ... ಅಲ್ಲ," ಅಂದಿದ್ದಳು, ಉಸಿರು ಸಾಲದಿದ್ದರೂ.

ಅದೇ ಅವರಿಬ್ಬರ ಕೊನೆಯ ಮಾತಾಯಿತು.

* * *

"ಕೆಳಗಿಡಿ," ಎಂದ ಮಗ.

"ಹೊರಗೆ ವ್ಯಾನ್ ಕಾಯ್ತಿದೆ ಕಣೋ!"

"ಕಾಯಲಿ. ಬಾಗಿಲಿನ ಕದ ಕಳಚ್ತೀನಿ. ನಾಲ್ಕು ಬೆರಳು ಜಾಗ ಸಿಗುತ್ತೆ."

"ಒಂದು ಇಲಿಗೋಸ್ಕರ ಮನೆ ಕೆಡವ್ತೀಯೇನೋ?"

"ಇಲಿ ಅಲ್ಲ!"

ಹೊರಗಿನ ಕೋಣೆಯಿಂದ ಮುಖ್ಯಸ್ಥ ಒಳಗೆ ಇಣುಕಿ ನೋಡಿ ತಲೆ ಹಿಂದಕ್ಕೆಳೆದುಕೊಂಡ.

"ಇಲಿ ನಿಮ್ಮ ನೆಂಟ ಚಿಕ್ಕಪ್ಪ, ಇದರದ್ದಲ್ಲ. ಹಿಡ್ಕೊಳ್ಳಿ ಈ ಕದಾನ."

ತಿರುಪುಗಳು ತುಕ್ಕು ಹಿಡಿದಿದ್ದವು. ತಿರುಪನ್ನು, ಬಡಗಿಯನ್ನು, ಬಾಗಿಲನ್ನು, ಬಂಗಾರದ ಅಕ್ಷರವನ್ನು ಬೈಯುತ್ತಲೇ ಅವನು ಒಂದೊಂದಾಗಿ ಬಿಚ್ಚಿದ. ಕೊನೆಯದು ಬಿಟ್ಟುಕೊಂಡಾಗ ಕದ ಚಿಕ್ಕಪ್ಪನ ಕೈ ಜಾರಿ ಧಡ್ಡೆಂದು ನೆಲಕ್ಕೆ ಬಿತ್ತು.

ಪೆಟ್ಟಿಗೆಯನ್ನು ಮತ್ತೆ ಎತ್ತಿ, ಓರೆ ಮಾಡಿ ಹೊಸ್ತಿಲು ದಾಟಿಸುವಾಗ ಕಪಾಟಿನ ಕೆಳಗಿಂದ ಚೂಪು ಮೂತಿಯೊಂದು ಹೊರಬಂತು. ಕದ ಬಿದ್ದ ಸದ್ದಿಗೆ ಹೆದರಿ ತಾಯಿ ಜಾಗ ಬದಲಿಸಲು ಹೊರಟಿತ್ತು. ಅದರ ಬಾಲದ ಬುಡ ಕಚ್ಚಿ ಒಂದು ಮರಿ, ಆ ಮರಿಯ ಬಾಲದ ಬುಡ ಕಚ್ಚಿ ಇನ್ನೊಂದು, ಅದರ ಹಿಂದೆ ಮತ್ತೊಂದು. ಬೂದು ಬಣ್ಣದ ಹಗ್ಗದಂತೆ ಗೋಡೆಯಂಚಿನಲ್ಲೇ ಹರಿದು ಸೀದಾ ಚಿಕ್ಕಪ್ಪನ ಕಾಲ ಬಳಿಗೇ ಬಂತು.

ಇಡಬೇಕಿದ್ದ ಹೆಜ್ಜೆಯನ್ನು ಚಿಕ್ಕಪ್ಪ ಗಾಳಿಯಲ್ಲೇ ತಡೆದ. "ಇ..." ಎಂದು ಬಾಯಿ ತೆರೆದವನು ಮಗನ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡ.

ಕೊನೆಯ ಮರಿಯ ಹಿಡಿತ ತಪ್ಪಿತು. ನಡುದಾರಿಯಲ್ಲಿ ಅದು ಗಿರಗಿರನೆ ಸುತ್ತಿ ಚಿಟ್ ಚಿಟ್ ಎಂದಿತು. ಸಾಲು ನಿಂತಿತು. ಪೆಟ್ಟಿಗೆಯೂ ನಿಂತಿತು. ಹೊರಗೆ ವ್ಯಾನಿನವನು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ಯಾರೂ ಅಲುಗಲಿಲ್ಲ. ಅತ್ತಿಗೆಯ ಭಾರಕ್ಕೆ ತೋಳು ನಡುಗುತ್ತಿದ್ದರೂ ಚಿಕ್ಕಪ್ಪ ಒಂಟಿ ಕಾಲಲ್ಲೇ ನಿಂತು, ಆ ಮರಿ ಮೂಗಾಡಿಸುತ್ತ ಮುಂದಿನದರ ಬಾಲ ಹುಡುಕುವುದನ್ನೇ ನೋಡುತ್ತಿದ್ದ.