ಮೊಸರಿನ ಡಬ್ಬಿಯಲ್ಲಿ ಕಲಸಿದ ತೇಪೆ

ಕಡಬದ ಗಂಗಣ್ಣನ ಮನೆಯಲ್ಲಿ ಅಂದು ಬೆಳಿಗ್ಗೆ ಜಗಳ ಶುರುವಾದದ್ದು ಒಂದು ಸ್ಟೀಲ್ ಚೊಂಬಿನಿಂದ.

"ಏನ್ಲಾ ಗಂಗ ಇದು? ನನ್ ಚೊಂಬಿನೊಳ್ಗೆ ಕಲ್ಲು ಹುಟ್ಕೊಂಡೈತಲ್ಲಾ!" ಎಂದು ಅವನ ಅವ್ವ ನಿಂಗಮ್ಮ ಹಿತ್ತಲಿನಿಂದಲೇ ಕೂಗಿದಳು.

ಹಲ್ಲುಜ್ಜುತ್ತಿದ್ದ ಗಂಗಣ್ಣ ಬಾಯಿ ಮುಕ್ಕಳಿಸುವುದನ್ನೂ ಮರೆತು ನಿಂತ. ಚೊಂಬನ್ನು ತೊಳೆದಿಡುವುದಿರಲಿ, ಬಚ್ಚಿಡುವುದೂ ಅವನಿಗೆ ಮರೆತುಹೋಗಿತ್ತು.

ಗಂಗಣ್ಣನಿಗೆ ಇರುವುದು ಚಿಕ್ಕ ತೆಂಗಿನ ತೋಟ. ತೋಟದಲ್ಲಿ ಕೆಲಸ ಇಲ್ಲದಾಗ ಸುಮ್ಮನೆ ಕೂರುವ ಆಸಾಮಿಯಲ್ಲ. ಗುಬ್ಬಿಯ ಒಂದು ವರ್ಕ್‌ಶಾಪಿನಲ್ಲಿ ನೋಡಿ ನೋಡಿ ಫೈಬರ್ ಕೆಲಸ ಕಲಿತಿದ್ದ. ಬಿರುಕು ಬಿಟ್ಟ ನೀರಿನ ತೊಟ್ಟಿ, ಒಡೆದ ಶೀಟು, ಕೆರೆಯಲ್ಲಿ ಮೀನು ಹಿಡಿಯುವವರ ಫೈಬರ್ ತೆಪ್ಪ, ಎಲ್ಲಕ್ಕೂ ತೇಪೆ ಹಾಕಿಕೊಡುತ್ತಿದ್ದ. ನೋಡುವವರಿಗೆ ಸುಲಭದ ಕೆಲಸ. ಜೇನಿನಂತೆ ಮಂದವಾಗಿರುವ ರೆಸಿನ್ ಎಂಬ ಅಂಟಿಗೆ ಅಳತೆ ಪ್ರಕಾರ ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಬೆರೆಸಬೇಕು, ಬಿರುಕಿನ ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ ಅದರ ಮೇಲೆ ಬಳಿಯಬೇಕು. ಒಣಗಿದರೆ ಕಲ್ಲಿನಷ್ಟು ಗಟ್ಟಿ.

ರೆಸಿನ್ ಕಲಸುವುದಕ್ಕೆ ಮಾತ್ರ ಅವನು ಪಾತ್ರೆ ಅಂತ ಇಟ್ಟುಕೊಂಡವನಲ್ಲ. ಕೈಗೆ ಸಿಕ್ಕಿದ್ದೇ ಪಾತ್ರೆ. ಹಿಂದಿನ ದಿನ ಸಿಕ್ಕಿದ್ದು ಅವ್ವನ ಚೊಂಬು. ಒಂದೇ ಸಲಕ್ಕೆ ಅದರ ತುಂಬ ಕಲಸಿದ್ದ. ಅರ್ಧ ಬಳಿಯುವಷ್ಟರಲ್ಲಿ ಚೊಂಬು ಮುಟ್ಟಲಾಗದಷ್ಟು ಬಿಸಿಯಾಯಿತು, ಹೊಗೆ ಬಂತು, ಮಿಕ್ಕಿದ್ದೆಲ್ಲ ಒಳಗೇ ಕಚ್ಚಿಕೊಂಡು ಕೂತಿತು.

"ಒಲೆ ಮೇಲಿಟ್ಟು ಕಾಯಿಸ್ತೀನಿ ತಡಿ, ಬುಡ್ತದೆ" ಎಂದಳು ನಿಂಗಮ್ಮ.

"ಬ್ಯಾಡ ಅತ್ತೆ, ಅದರ ಹೊಗೆ ಕುಡ್ದು ಏನಾದ್ರೂ ಆದ್ರೆ? ಆ ಚೊಂಬು ಹೋದ್ರೆ ಹೋಗ್ಲಿ" ಎಂದು ಸೊಸೆ ಕೋಮಲಾ ತಡೆದಳು. ಆಮೇಲೆ ಗಂಡನ ಕಡೆ ತಿರುಗಿ, "ನೋಡಿ, ಇನ್ಮೇಲೆ ಅಡುಗೆಮನೆ ಸಾಮಾನು ಮುಟ್ಟಿದ್ರೆ ಸರಿ ಇರಲ್ಲ" ಎಂದಳು.

ಸರಿ, ಮುಟ್ಟಲಿಲ್ಲ. ಮುಂದಿನ ಕೆಲಸ ಬಂದಾಗ ಅಟ್ಟದ ಮೇಲಿದ್ದ ಥರ್ಮೋಕೋಲ್ ಲೋಟಗಳನ್ನು ಇಳಿಸಿಕೊಂಡ. ಪಕ್ಕದ ಮನೆಯ ನಾಮಕರಣದಲ್ಲಿ ಮಿಕ್ಕಿದ್ದವು. ಬಳಸಿ ಬಿಸಾಕಬಹುದು, ಯಾರ ಮಾತೂ ಕೇಳಬೇಕಿಲ್ಲ ಅಂತ ಅವನ ಲೆಕ್ಕ.

ಆ ಕೆಲಸ ಮಹಾದೇವಯ್ಯನ ತೆಪ್ಪದ್ದು. ಮಹಾದೇವಯ್ಯ ಮತ್ತು ಅವನ ಹೆಂಡತಿ ತಿಪ್ಪಮ್ಮ ಇಬ್ಬರೂ ಕೂಡಿಯೇ ಕೆರೆಗೆ ಇಳಿಯುವವರು. ಅವನು ಹುಟ್ಟು ಹಾಕುತ್ತಾನೆ, ಅವಳು ಬಲೆ ಬಿಡುತ್ತಾಳೆ. ತೆಪ್ಪದ ತಳ ಬಂಡೆಗೆ ತಾಗಿ ಬಿರುಕು ಬಿಟ್ಟಿತ್ತು.

ಗಂಗಣ್ಣ ಲೋಟಕ್ಕೆ ರೆಸಿನ್ ಹುಯ್ದು ಕಡ್ಡಿಯಿಂದ ತಿರುವುತ್ತಿದ್ದ ಹಾಗೆಯೇ ಲೋಟದ ತಳ ಮೆತ್ತಗಾಯಿತು. ಬೆರಳು ಒಳಕ್ಕೆ ಹೋಯಿತು. ಬಿಸಿಲಿಗೆ ಇಟ್ಟ ಬೆಣ್ಣೆಯ ಹಾಗೆ ಲೋಟ ಕರಗಿ ರೆಸಿನ್‌ನೊಳಗೇ ಸೇರಿಹೋಯಿತು. ಹಾಳಾಗುವುದು ಬೇಡವೆಂದು ಗಡಿಬಿಡಿಯಲ್ಲಿ ಅದನ್ನೇ ಬಳಿದುಬಿಟ್ಟ. ಸಂಜೆ ಮುಟ್ಟಿ ನೋಡಿದರೆ ತೇಪೆ ಇನ್ನೂ ಅಂಟಂಟು. "ನಾಳೆ ಬಿಸಿಲಿಗೆ ಸರಿ ಹೋಯ್ತದೆ" ಅಂತ ತನಗೆ ತಾನೇ ಹೇಳಿಕೊಂಡು ತೆಪ್ಪ ಕೊಟ್ಟು ಕಳಿಸಿದ.

ಸರಿಹೋಗಲಿಲ್ಲ. ಗಂಡ ಹೆಂಡತಿ ಕೆರೆಯ ನಡುವಿಗೆ ಹೋಗಿದ್ದಾಗ ತೇಪೆ ಬಾಳೆಸಿಪ್ಪೆಯಂತೆ ಸುಲಿದುಬಂತು. ನೀರು ನುಗ್ಗಿತು. ಮಹಾದೇವಯ್ಯನಿಗೆ ಈಜು ಬರುತ್ತದೆ, ತಿಪ್ಪಮ್ಮನಿಗೆ ಬರುವುದಿಲ್ಲ. ಅವಳು ಸೀರೆಯ ಸೆರಗು ತುರುಕಿ ಬಿರುಕನ್ನು ಒತ್ತಿ ಹಿಡಿದು ಕೂತಳು, ಅವನು ಕೂಗಿಕೊಂಡ. ಪುಣ್ಯಕ್ಕೆ ಇನ್ನೊಂದು ತೆಪ್ಪ ಹತ್ತಿರದಲ್ಲಿತ್ತು. ಅದರಲ್ಲಿದ್ದವರು ತಿಪ್ಪಮ್ಮನನ್ನು ತಮ್ಮ ಕಡೆಗೆ ಎಳೆದುಕೊಂಡರು, ನೀರು ತುಂಬಿದ ತೆಪ್ಪವನ್ನೂ ದಡಕ್ಕೆ ಎಳೆತಂದರು. ಬಲೆ ನೀರು ಪಾಲಾಯಿತು.

ಸುದ್ದಿ ಕೇಳಿ ಗಂಗಣ್ಣ ಕೆರೆ ಏರಿಯ ಮೇಲೆ ಓಡಿದ. ತಿಪ್ಪಮ್ಮ ಒದ್ದೆ ಸೀರೆಯಲ್ಲಿ ನಡುಗುತ್ತಾ ಕೂತಿದ್ದಳು. ಅವಳು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಬೈಯಲಿಲ್ಲ. "ನಿನ್ ಕೆಲ್ಸ ಅಂತ ನಂಬ್ಕೊಂಡು ಕಾಲಿಟ್ಟೆ ಕಣಪ್ಪ" ಎಂದಳು, ಅಷ್ಟೇ.

ಆ ಮಾತು ಗಂಗಣ್ಣನನ್ನು ಊಟಕ್ಕೆ ಕೂರಲು ಬಿಡಲಿಲ್ಲ.

"ತುಮಕೂರಿಗೆ ಹೋಗಿ ಫಾರಿನ್ ಪಾತ್ರೆ ತರ್ತೀನಿ. ಈ ಕೆಲ್ಸಕ್ಕೆ ಅಂತ್ಲೇ ದುಬಾರಿದು ಏನೋ ಇರ್ಬೇಕು" ಎಂದ.

"ತರೋದಕ್ಕೆ ಮುಂಚೆ ಒಂದ್ಸಲ ನಮ್ ಹೇಮಶ್ರೀನ ಕೇಳಣ ಬನ್ನಿ" ಎಂದಳು ಕೋಮಲಾ. ಹೇಮಶ್ರೀ ಅವಳ ಚಿಕ್ಕಮ್ಮನ ಮಗಳು. ತುಮಕೂರಿನ ಬಟವಾಡಿಯ ಹತ್ತಿರ ಫೈಬರ್ ಬಾಗಿಲು, ಹೂಕುಂಡ ಮಾಡುವ ಘಟಕದಲ್ಲಿ ಸೂಪರ್‌ವೈಸರ್. ಹೊಸಬರಿಗೆ ತರಬೇತಿ ಕೊಡುವುದೂ ಅವಳೇ.

ಗಂಡ ಹೆಂಡತಿ ಬಸ್ಸಿಳಿದು ಒಳಗೆ ಹೋದಾಗ ಗಂಗಣ್ಣನ ಕಣ್ಣು ದುಬಾರಿ ಪಾತ್ರೆ ಹುಡುಕಿತು. ಕಂಡದ್ದು ಗೋಡೆಯುದ್ದಕ್ಕೂ ಜೋಡಿಸಿಟ್ಟ ಖಾಲಿ ಮೊಸರಿನ ಡಬ್ಬಿ, ಐಸ್‌ಕ್ರೀಮ್ ಡಬ್ಬಿ, ಬಾಯಿ ಕತ್ತರಿಸಿದ ಎಣ್ಣೆ ಕ್ಯಾನು.

"ಇದೇನಮ್ಮ, ಗುಜರಿ ಅಂಗ್ಡಿನೂ ಇಟ್ಟಿದೀಯಾ?"

ಹೇಮಶ್ರೀ ನಕ್ಕಳು. "ಭಾವ, ಅದೇ ನಮ್ ಕಲಸೋ ಪಾತ್ರೆಗಳು."

"ಸುಮ್ನಿರು. ಮೊಸ್ರು ಡಬ್ಬೀಲಿ ಕಲ್ಸಿ ತೆಪ್ಪ ಕಟ್ಟಕಾಯ್ತದಾ? ಥರ್ಮೋಕೋಲೂ ಹಂಗೇ ಬಿಸಾಕೋ ಸಾಮಾನೇ ಅಲ್ವಾ? ಕರಗ್ಹೋಯ್ತಲ್ಲ!"

ಹೇಮಶ್ರೀ ಒಂದು ಥರ್ಮೋಕೋಲ್ ಚೂರು ತಂದು ಅದರ ಮೇಲೆ ರೆಸಿನ್ ತೊಟ್ಟಿಕ್ಕಿದಳು. ಹನಿ ಬಿದ್ದ ಕಡೆ ಗುಂಡಿ ಬಿತ್ತು. ಮೊಸರಿನ ಡಬ್ಬಿಯ ಮುಚ್ಚಳದ ಮೇಲೂ ತೊಟ್ಟಿಕ್ಕಿದಳು. ಹನಿ ಹಾಗೇ ಕೂತಿತ್ತು, ಮುಚ್ಚಳಕ್ಕೆ ಏನೂ ಆಗಲಿಲ್ಲ.

"ಎಲ್ಲಾ ಪ್ಲಾಸ್ಟಿಕ್ಕೂ ಒಂದೇ ಅಲ್ಲ ಭಾವ. ಡಬ್ಬಿ ತಳ ತಿರುಗಿಸಿ ನೋಡಿ, ಮೂರು ಬಾಣದ ತ್ರಿಕೋನ ಇದೆಯಲ್ಲ, ಅದರೊಳಗೆ ಐದು ಅಂತ ಬರೆದಿದ್ರೆ ಒಳ್ಳೇದು. ಎರಡು ಇದ್ರೂ ನಡೆಯುತ್ತೆ. ಆರು ಇದ್ರೆ ಮುಟ್ಲೇಬೇಡಿ, ಅದೂ ಥರ್ಮೋಕೋಲ್ ಜಾತೀನೇ, ಕರಗಿ ರೆಸಿನ್ ಜೊತೆ ಸೇರ್ಕೊಂಡ್ರೆ ತೇಪೆ ಗಟ್ಟಿಯಾಗಲ್ಲ. ಎಷ್ಟೋ ತೆಳು ಟೀ ಲೋಟ ಅಂಥವೇ."

"ಪೇಪರ್ ಕಪ್ಪು?" ಎಂದು ಕೇಳಿದವಳು ಕೋಮಲಾ.

"ಒಳಗೆ ಮೇಣ ಬಳಿದಿರ್ತಾರೆ ಕಣೇ ಕೆಲವಕ್ಕೆ. ಆ ಮೇಣ ರೆಸಿನ್‌ಗೆ ಸೇರಿದ್ರೆ ತೇಪೆ ಹಿಡಿಯೋದೇ ಇಲ್ಲ."

ಗಂಗಣ್ಣ ಇನ್ನೂ ಒಪ್ಪಲಿಲ್ಲ. "ಸ್ಟೀಲು ಕರಗ್ಲಿಲ್ವಲ್ಲ? ಗಟ್ಟಿ ಪಾತ್ರೆ, ಆದ್ರೂ ಹೊಗೆ ಬಂತಲ್ಲ?"

"ಎಷ್ಟು ಕಲಸಿದ್ರಿ?"

"ಚೊಂಬು ತುಂಬ."

"ಅದೇ ತಪ್ಪು. ಬಾಯಿ ಕಿರಿದು, ಹೊಟ್ಟೆ ಆಳ. ಒಟ್ಟಿಗೆ ಅಷ್ಟು ಕಲಸಿದ್ರೆ ರೆಸಿನ್ ತನ್ ಶಾಖಕ್ಕೆ ತಾನೇ ಕುದಿಯುತ್ತೆ. ಕೆಲವು ಸಲ ಬೆಂಕಿನೂ ಹತ್ತುತ್ತೆ. ಅಗಲ ಬಾಯಿ ಡಬ್ಬಿ ತಗೊಳ್ಳಿ, ಬಳಿಯೋಕೆ ಬೇಕಾದಷ್ಟೇ ಸ್ವಲ್ಪ ಸ್ವಲ್ಪ ಕಲಸಿ. ಜೊತೆಗೆ ಸ್ಟೀಲ್‌ಗೆ ಹಿಡಿದದ್ದು ಬಿಡಲ್ಲ. ಇದು ನೋಡಿ."

ನಿನ್ನೆಯ ರೆಸಿನ್ ಗಟ್ಟಿಯಾಗಿದ್ದ ಒಂದು ಡಬ್ಬಿ ತೆಗೆದು ಅದರ ಹೊಟ್ಟೆಯನ್ನು ಅಮುಕಿದಳು. ಟಪ್ ಎಂದು ಒಳಗಿನ ಬಿಲ್ಲೆ ಇಡ್ಲಿಯ ಹಾಗೆ ಹೊರಗೆ ಬಿತ್ತು. ಡಬ್ಬಿ ಮತ್ತೆ ಹೊಸದರಂತಿತ್ತು.

ಗಂಗಣ್ಣ ಬಾಯಿ ತೆರೆದು ನೋಡಿದ. "ಇನ್ನೊಂದ್ಸಲ ಮಾಡು" ಎಂದ. ಆಮೇಲೆ ಇನ್ನೊಂದು ಡಬ್ಬಿ ಇಸಿದುಕೊಂಡು ತಾನೇ ಅಮುಕಿದ. ಬಿಲ್ಲೆ ಬಿದ್ದಾಗ ಚಿಕ್ಕ ಮಗುವಿನ ಹಾಗೆ ನಕ್ಕುಬಿಟ್ಟ.

ಹೊರಡುವಾಗ ಹೇಮಶ್ರೀ ಬಾಗಿಲವರೆಗೂ ಬಂದು ಹೇಳಿದಳು. "ಡಬ್ಬಿ ತೊಳೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ನೀರಿನ ಪಸೆ ಇರ್ಬಾರ್ದು. ಕಲಸಿ ಮಿಕ್ಕಿದ ರೆಸಿನ್‌ಗೆ ಮುಚ್ಚಳ ಹಾಕ್ಬೇಡಿ, ಬಯಲಲ್ಲಿ ಮರಳ ಮೇಲೆ ಇಡಿ, ತಾನೇ ಗಟ್ಟಿಯಾಗ್ಲಿ. ಗ್ಲೌಸ್ ಹಾಕ್ಕೊಳ್ಳಿ, ಗಾಳಿ ಆಡೋ ಕಡೆ ಕಲಸಿ. ಒಂದ್ಸಲ ರೆಸಿನ್ ಬಿದ್ದ ಡಬ್ಬಿ ಮತ್ತೆ ಊಟದ ಕಡೆ ಹೋಗ್ಲೇಬಾರ್ದು ಭಾವ, ಎಷ್ಟೇ ತೊಳೆದ್ರೂ."

ಊರಿಗೆ ಬಂದವನೇ ಗಂಗಣ್ಣ ಹೋಟೆಲಿನವನ ಹತ್ತಿರ, ನೆಂಟರ ಮನೆಗಳಲ್ಲಿ ಖಾಲಿ ಡಬ್ಬಿ ಕೇಳಿದ. ಒಂದೊಂದನ್ನೂ ತಲೆಕೆಳಗು ಮಾಡಿ ತ್ರಿಕೋನ ಹುಡುಕಿದ. ನಿಂಗಮ್ಮ ಮೂಗು ಮುರಿದಳು.

"ಇವು ನನ್ ಮೊಸ್ರು ಡಬ್ಬಿ ಜೊತೆ ಸೇರ್ಕೊಂಡ್ರೆ? ಯಾವ್ದರಾಗೆ ಏನಿತ್ತು ಅಂತ ನನಗೇನ್ ಗೊತ್ತಾಯ್ತದೆ?"

ಅದು ಸರಿಯಾದ ಮಾತು. ಗಂಗಣ್ಣ ಎಲ್ಲ ಡಬ್ಬಿಗೂ ಹೊರಗೆ ಕೆಂಪು ಬಣ್ಣ ಬಳಿದು ಪಂಪ್ ಶೆಡ್ಡಿನಲ್ಲಿ ಇಟ್ಟು ಬೀಗ ಹಾಕಿದ. "ಕೆಂಪು ಡಬ್ಬಿ ಹೊಸ್ತಿಲು ದಾಟಲ್ಲ ಅವ್ವ" ಎಂದ. ನಿಂಗಮ್ಮ ಒಂದು ಡಬ್ಬಿ ತಿರುಗಿಸಿ ನೋಡಿ, "ಇದ್ರಲ್ಲಿ ಐದು ಐತಲ್ಲ, ಇದೂ ತಗೋ" ಎಂದು ತಾನೇ ಕೊಟ್ಟಳು.

ಮಹಾದೇವಯ್ಯನ ತೆಪ್ಪದ ಹಳೇ ಅಂಟನ್ನು ಪೂರ್ತಿ ಕೆರೆದು, ಉಜ್ಜಿ, ಒಣಗಿಸಿದ. ಡಬ್ಬಿಯಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿ ಪದರದ ಮೇಲೆ ಪದರ ಕೂರಿಸಿದ. ಮಾರನೇ ದಿನ ಉಗುರಿನಿಂದ ಗೀರಿದರೆ ಗೆರೆ ಮೂಡಲಿಲ್ಲ. ಸುತ್ತಿಗೆ ಹಿಡಿಯಿಂದ ತಟ್ಟಿದರೆ ಟಣ್ ಎಂದಿತು.

ತೆಪ್ಪವನ್ನು ದಡದ ನೀರಿಗಿಳಿಸಿ, ಕಲ್ಲು ಹೇರಿ, ಮಧ್ಯಾಹ್ನದವರೆಗೂ ಬಿಟ್ಟರು. ಒಳಗೆ ಒಂದು ಹನಿ ನೀರಿಲ್ಲ. ಮಹಾದೇವಯ್ಯ ತಲೆದೂಗಿದ. ತಿಪ್ಪಮ್ಮ ಮಾತ್ರ ದೂರವೇ ನಿಂತಿದ್ದಳು.

"ಅಕ್ಕ, ಬಾ" ಎಂದ ಗಂಗಣ್ಣ.

"ಮೊದ್ಲು ನೀನು ಕೂತ್ಕೋ. ನಡು ಕೆರೆಗಂಟ ನೀನೂ ಬರ್ಬೇಕು. ಆಗ ನಾನು ಬರ್ತೀನಿ."

ಗಂಗಣ್ಣನಿಗೂ ಈಜು ಬರುವುದಿಲ್ಲ. ಆದರೂ ಪಂಚೆ ಎತ್ತಿಕಟ್ಟಿ ಹತ್ತಿ ಕೂತ. ಅವನನ್ನು ನೋಡಿ ತಿಪ್ಪಮ್ಮನೂ ಕಾಲಿಟ್ಟಳು. ಮಹಾದೇವಯ್ಯ ಹೊಸದಾಗಿ ತಂದಿದ್ದ ಬಲೆಯನ್ನು ಪಕ್ಕಕ್ಕಿಟ್ಟುಕೊಂಡು ಹುಟ್ಟು ಹಾಕಿದ. ನಡು ಕೆರೆಯಲ್ಲಿ ತಿಪ್ಪಮ್ಮ ಬಗ್ಗಿ ತೇಪೆಯ ಮೇಲೆ ಅಂಗೈ ಇಟ್ಟು ಸವರಿದಳು. ಒದ್ದೆಯಾಗದ ಕೈ ಎತ್ತಿ ಗಂಡನಿಗೆ ತೋರಿಸಿ, "ಬಲೆ ಕೊಡಿ ಇತ್ಲಾಗೆ" ಎಂದಳು.

ಫೈಬರ್ ಕೆಲಸ ಮಾಡುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಒಳ್ಳೆಯ ಪಾತ್ರೆಗೆ ಹೆಚ್ಚು ದುಡ್ಡು ಬೇಕಿಲ್ಲ, ಡಬ್ಬಿಯ ತಳ ನೋಡುವಷ್ಟು ತಾಳ್ಮೆ ಸಾಕು. ಐದು ಅಥವಾ ಎರಡು ಎಂದಿರುವ, ಒಣಗಿದ, ಅಗಲ ಬಾಯಿಯ ಡಬ್ಬಿ ಆರಿಸಿ. ಥರ್ಮೋಕೋಲ್, ಮೇಣದ ಕಪ್ಪು, ಅಡುಗೆಯ ಪಾತ್ರೆ ಬೇಡ. ಬಳಸಿದ ಡಬ್ಬಿಗೆ ಗುರುತು ಹಾಕಿ ಮಕ್ಕಳಿಂದ ದೂರ ಇಡಿ. ನೀವು ಹಾಕಿದ ತೇಪೆಯನ್ನು ನಂಬಿ ಯಾರೋ ಒಬ್ಬರು ನೀರಿಗೆ ಇಳಿಯುತ್ತಾರೆ. ಇವತ್ತೇ ನಿಮ್ಮ ಶೆಡ್ಡಿಗೆ ಹೋಗಿ, ನಿಮ್ಮ ಡಬ್ಬಿಗಳನ್ನು ಒಮ್ಮೆ ತಿರುಗಿಸಿ ನೋಡಿ.