ತುರ್ಕೆತಿಲ್ ಮನೆಯ ಕೊಪ್ಪರಿಗೆ

ಫಿರ್ಮಾಂ ತುರ್ಕೆತಿಲ್ ನನ್ನ ಗೆಳೆಯ, ಅದಕ್ಕೇ ಹೇಳುತ್ತೇನೆ: ಇಡೀ ನಾರ್ಮಂಡಿಯಲ್ಲಿ ಅವನಷ್ಟು ಜಂಬದ ಮನುಷ್ಯ ಇನ್ನೊಬ್ಬನಿಲ್ಲ. ದೋಣಿ ಹತ್ತಿದರೆ ವಾಂತಿ ಮಾಡುತ್ತಾನೆ. ಆದರೂ ತನ್ನ ಹಿರಿಯರು ಹಡಗಿನಲ್ಲಿ ಬಂದ ವೈಕಿಂಗ್ ಸರದಾರರು ಎಂದು ನಲವತ್ತು ವರ್ಷದಿಂದ ನಮ್ಮ ತಲೆ ತಿಂದಿದ್ದಾನೆ.

ಅವನಿಗಿರುವುದು ಒಬ್ಬಳೇ ಮಗಳು, ಓದೀಲ್. ಕಳೆದ ಅಕ್ಟೋಬರಿನಲ್ಲಿ ಆಸ್ಪತ್ರೆಗೆ ಹೊರಡುವ ಮೊದಲೇ, ಮನೆಯಲ್ಲೇ ಹೆಣ್ಣು ಹೆತ್ತಳು. ನಮ್ಮ ಕಾನೂನಿನಂತೆ ಗಂಡಹೆಂಡಿರಿಬ್ಬರೂ ಒಪ್ಪಿದರೆ ಮಗುವಿಗೆ ತಂದೆಯದರ ಬದಲು ತಾಯಿಯ ಮನೆತನದ ಹೆಸರನ್ನೂ ಇಡಬಹುದು. ಹುಟ್ಟಿದ ಐದು ದಿನದೊಳಗೆ ಊರಿನ ಕಚೇರಿಯಲ್ಲಿ ಬರೆಸಬೇಕು. ಅಳಿಯ ಗಯೆತಾನ್ ಹೂಂ ಅಂದ. ಓದೀಲ್ ಒಪ್ಪಲಿಲ್ಲ. "ಊರು ಸುಟ್ಟೋರ ಹೆಸರು ನನ್ನ ಕೂಸಿಗೆ ಬೇಡಪ್ಪ." ಅವಳು ಬೇಡವೆಂದರೆ ಫಿರ್ಮಾಂ ಜೊತೆಗೇ ಹೆಸರೂ ಮಣ್ಣಿಗೆ.

ಹಾಗಾಗಿ ನನ್ನ ಬಳಿ ಬಂದ. ನಾನು ಮೂವತ್ತು ವರ್ಷ ಊರಿನ ದಫ್ತರ ನೋಡಿದವನು. ಹಳೆಯ ಹೆಸರುಗಳೆಂದರೆ ಹುಚ್ಚು.

"ಲೆಯೋಂಸ್, ಭಾನುವಾರ ಊಟಕ್ಕೆ ಬಾ. ನಮ್ಮ ಹೆಸರಿನ ಘನತೆ ಅವಳಿಗೆ ಸ್ವಲ್ಪ ಹೇಳು."

"ಘನತೆ? ತುರ್ಕೆತಿಲ್ ಅಂದ್ರೆ ಥಾರ್, ಆ ವೈಕಿಂಗರ ಗುಡುಗಿನ ದೇವರ ಕೊಪ್ಪರಿಗೆ ಕಣೋ. ಬೇಯಿಸೋ ಪಾತ್ರೆ. ಆಗ ದನ ಕಾಯೋನೂ ಮಗನಿಗೆ ಆ ಹೆಸರಿಡ್ತಿದ್ದ. ಹೆಸರು ಹಡಗಲ್ಲಿ ಬಂತು ನಿಜ; ನಿಮ್ಮಜ್ಜನೂ ಬಂದ ಅಂತ ಯಾರೂ ಬರೆದಿಟ್ಟಿಲ್ಲ."

ಅವನ ಮುಖ ಹುಳಿ ಸೇಬು ಕಚ್ಚಿದಂತಾಯಿತು. "ಪಾತ್ರೆ ವಿಷ್ಯ ಎತ್ಬೇಡ ಮಾರಾಯ. ಗುಡುಗಿನ ದೇವರು ಅಂದು ನಿಲ್ಸಿಬಿಡು."

ಭಾನುವಾರ ನಾಲ್ಕನೆಯ ದಿನ. ಮೀನು ಮುಗಿದು ಮಾಂಸ ಬರುವ ಮೊದಲು, ಹೊಟ್ಟೆಯಲ್ಲಿ ಜಾಗ ಮಾಡಲು ಸೇಬಿನ ಬ್ರಾಂದಿ ಕುಡಿದೆವು. "ಓದೀಲ್, ನಿಮ್ಮ ಹೆಸರಿನಲ್ಲಿ ಗುಡುಗಿನ ದೇವರ..." ಎಂದವನು ನಿಲ್ಲಿಸಿದೆ.

"ದೇವರ ಏನು, ಲೆಯೋಂಸ್ ಮಾಮ?"

ಫಿರ್ಮಾಂ ಮೇಜಿನಡಿ ನನ್ನ ಕಾಲು ತುಳಿದ. ಅಷ್ಟರಲ್ಲಿ ನೆರೆಮನೆಯ ಬೆರ್ತ್ ತಾಮ್ರದ ಕೊಪ್ಪರಿಗೆ ಹೊತ್ತು ಬಂದಳು. ಸೇಬಿನ ಕಾಲದಲ್ಲಿ ಫಿರ್ಮಾಂನ ಕೊಪ್ಪರಿಗೆ ಪಾಕ ಕಾಯಿಸಲು ಮನೆಮನೆ ತಿರುಗುತ್ತದೆ. ಖಾಲಿ ಹಿಂದಿರುಗಿಸುವಂತಿಲ್ಲ, ಒಂದು ಜಾಡಿ ಪಾಕ ಒಳಗಿಟ್ಟೇ ಕೊಡಬೇಕು.

ನನ್ನ ಬಾಯಿ ಗೊತ್ತಲ್ಲ. "ಅದು!" ಎಂದು ಬೊಟ್ಟು ಮಾಡಿದೆ. ಎಲ್ಲವನ್ನೂ ಹೇಳಿಬಿಟ್ಟೆ.

ಓದೀಲ್ ಜಾಡಿ ತೆರೆದು ಬೆರಳಿಂದ ನೆಕ್ಕಿದಳು.

"ಅಯ್ಯೋ ಅಪ್ಪಾ, ಇಷ್ಟು ವರ್ಷ ಕತ್ತಿ, ಹಡಗು ಅಂತ ಕೊರೆದ್ಯಲ್ಲ! ಊರಿಗೆಲ್ಲ ಸಿಹಿ ಬೇಯಿಸೋ ಪಾತ್ರೆ ಅಂತ ಒಂದ್ಸಲ ಹೇಳಿದ್ರೆ ಆಗ್ತಿತ್ತು."

"ಹಾಗಾದ್ರೆ ಬರೆಸ್ತೀಯಾ?" ಫಿರ್ಮಾಂ ಕೇಳಿದ.

"ಬರೆಸಿದ್ರೂ ಬರೆಸ್ದೆ, ಬಿಟ್ರೂ ಬಿಟ್ಟೆ."

ನಮ್ಮ ನಾರ್ಮಂಡಿಯವರ ಬಾಯಲ್ಲಿ ನೇರ ಉತ್ತರ ಯಾವತ್ತು ಬಂದೀತು! ಸೋಮವಾರ ಒಂಬತ್ತಕ್ಕೆ ತೆರೆಯುವ ಕಚೇರಿಯ ಮುಂದೆ ಫಿರ್ಮಾಂ ಎಂಟಕ್ಕೇ ನಿಂತಿದ್ದ. ಗಂಡಹೆಂಡಿರಿಬ್ಬರೂ ಸಹಿ ಹಾಕಿದ ಕಾಗದ ಹಿಡಿದು ಒಳಗೆ ಹೋದ ಗಯೆತಾನ್ ಹೊರಬಂದು, "ತುರ್ಕೆತಿಲ್ ಅಂತಲೇ ಬರೆಸ್ದೆ ಮಾವ. ಕಣ್ಣೊರೆಸ್ಕೊಳ್ಳಿ, ಸರದಾರರು ಅಳಬಾರದು" ಎಂದ.

ಈಗ ಫಿರ್ಮಾಂ ಆ ಕೊಪ್ಪರಿಗೆ ಉಜ್ಜಲು ಬೇರೆಯವರಿಗೆ ಬಿಡುವುದಿಲ್ಲ. "ಸಾರು ಕುಡೀದೆ ವೈಕಿಂಗರು ಹಡಗು ನಡೆಸ್ತಿದ್ರೇನೋ?" ಎಂದು ನನ್ನನ್ನೇ ಕೇಳುತ್ತಾನೆ.